4.5 ಹರ್ಟ್ಸ್ ಜಿಯೋಫೋನ್ ಒಂದೇ ಸಾಕಾಯ್ತು: ನನ್ನ ಅನುಭವ

ಬೆಳಗಾವಿಯಿಂದ ಮಹಾರಾಷ್ಟ್ರದ ಕೊಯ್ನಾ ಭೂಕಂಪ ಹಿಡಿಯೋಕೆ ಲಕ್ಷಗಟ್ಟಲೆ ಬೆಲೆಯ ಸೀಸ್ಮೋಮೀಟರೇ ಬೇಕು ಅಂದವರೇ ಹೆಚ್ಚು. ನಾನು ಕೂರಿಸಿದ್ದು ಒಂದೇ ಜಿಯೋಫೋನ್, ಅಂದರೆ ಅಯಸ್ಕಾಂತದ ಸುತ್ತ ಸ್ಪ್ರಿಂಗಿನಲ್ಲಿ ತೂಗುವ ಕಾಯಿಲ್ ಇದ್ದು, ನೆಲ ಅಲುಗಿದರೆ ವೋಲ್ಟೇಜ್ ಕೊಡುವ ಪುಟ್ಟ ಸಾಧನ. ಈಗ ತೀವ್ರತೆ 4ರ ಆಸುಪಾಸಿನದಾದರೆ ಮೊದಲು ಬರುವ ಪಿ, ಆಮೇಲೆ ಬರುವ ಎಸ್ ಅಲೆಗಳೆರಡೂ ಬೇರೆಬೇರೆಯಾಗಿ ಕಾಣುತ್ತವೆ. ನಡುವಿನ ಅಂತರ 23–24 ಸೆಕೆಂಡು. ಎಂಟರಿಂದ ಗುಣಿಸಿದರೆ ಕೊಯ್ನಾದ ದೂರ ಸುಮಾರು 190 ಕಿ.ಮೀ., ಲೆಕ್ಕ ಸರಿಯಾಗಿ ಕೂರುತ್ತದೆ.

ಹರ್ಟ್ಸ್ ಅಂಕಿ ಕಾಯಿಲ್‌ನ ಸಹಜ ಕಂಪನದ್ದು, ಅದಕ್ಕಿಂತ ಕೆಳಗೆ ಸಂವೇದನೆ ಕುಸಿಯುತ್ತದೆ. ಅಗ್ಗಕ್ಕೆ ಸಿಗುತ್ತವೆಂದು 10 ಹರ್ಟ್ಸ್‌ನವು ಮೂರು ಕೊಂಡರೆ ದುಡ್ಡು ದಂಡ. 1 ಹರ್ಟ್ಸ್‌ನಲ್ಲಿ ಅವುಗಳ ಸಂವೇದನೆ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, 4.5ರದ್ದು ಇಪ್ಪತ್ತರಲ್ಲಿ ಒಂದು ಪಾಲಿಗೆ ನಿಲ್ಲುತ್ತದೆ. ನನ್ನದು ಎಸ್‌ಎಂ-6, ಕಾಯಿಲ್ 375 ಓಂ, ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ 28.8 ವೋಲ್ಟ್. ಕಸ್ಟಮ್ಸ್ ಸೇರಿ ಐದಾರು ಸಾವಿರ ಬಿತ್ತು.

ಹಳೆಯದು ಕೊಳ್ಳುವಾಗ ಅದು ಲಂಬದ್ದೋ ಅಡ್ಡದ್ದೋ ಕೇಳಿಕೊಳ್ಳಿ. 4.5 ಹರ್ಟ್ಸ್‌ನ ಸ್ಪ್ರಿಂಗ್ ತೂಗುವ ಕಾಯಿಲ್‌ನ ಭಾರಕ್ಕೇ 12 ಮಿ.ಮೀ. ಜಗ್ಗುತ್ತದೆ. ಲಂಬದ್ದನ್ನು ಆ ಜಗ್ಗನ್ನು ಎಣಿಸಿಯೇ ಕಟ್ಟಿರುತ್ತಾರೆ. ಅಡ್ಡದ್ದನ್ನು ನೆಟ್ಟಗೆ ನಿಲ್ಲಿಸಿದರೆ ಕಾಯಿಲ್ ತಳಕ್ಕೆ ಕೂತುಬಿಡುತ್ತದೆ. ಮಲ್ಟಿಮೀಟರಿನಲ್ಲಿ ಓಂ ಸರಿಯಿದ್ದರೂ ಕಂಪನ ಬರುವುದಿಲ್ಲ.

ಡ್ಯಾಂಪಿಂಗ್, ಅಂದರೆ ಕಾಯಿಲ್‌ನ ತೂಗಾಟ ಎಷ್ಟು ಬೇಗ ಅಡಗುತ್ತದೆಂದು ನೋಡಲು 1.5 ವೋಲ್ಟ್ ಸೆಲ್ಲನ್ನು 100 ಕಿಲೋಓಂ ಮೂಲಕ ಕಾಯಿಲ್‌ಗೆ ಕೊಟ್ಟು ತಟ್ಟನೆ ಬಿಡಿಸಿ. ಮೊದಲ ಏರಿನ ನಂತರದ ಇಳಿತ ಅದರ ಶೇ. 5ರಷ್ಟಿದ್ದರೆ ಬೇಕಾದ 0.7 ಡ್ಯಾಂಪಿಂಗ್ ಬಂತು ಎಂದರ್ಥ. ಶೇ. 12 ಇದ್ದರೆ 0.56, ಸಾಲದು. ಕಾಯಿಲ್‌ಗೆ ಸಮಾಂತರವಾಗಿ ರೆಸಿಸ್ಟರ್ ಹಾಕಿ, ಅದರ ಓಂ ಇಳಿಸುತ್ತಾ ಹೋಗಿ. ತೀರಾ ಇಳಿಸಿದರೆ ಸಿಗ್ನಲ್ಲೂ ಅದರ ಜೊತೆ ಹೋಗುತ್ತದೆ.

ಉಳಿದ ದುಡ್ಡು ಸಿಗ್ನಲ್ಲನ್ನು ಅಂಕಿಗಳಾಗಿಸುವ ಎಡಿಎಸ್1256 ಚಿಪ್ಪಿಗೆ. ಗೇನ್ (ವರ್ಧನೆ) 64, ಸೆಕೆಂಡಿಗೆ 50 ಸ್ಯಾಂಪಲ್. 100 ಇಟ್ಟರೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಹಾಗೇ ಒಳಗೆ ಬರುತ್ತದೆ, 50ಕ್ಕೆ ಚಿಪ್ಪಿನ ಫಿಲ್ಟರೇ ಅದನ್ನು ನುಂಗುತ್ತದೆ. ಕಾಯಿಲ್‌ನ ಒಂದು ತುದಿಯನ್ನು ಗ್ರೌಂಡಿಗೆ ಕಟ್ಟಬೇಡಿ, 2.5 ವೋಲ್ಟ್‌ಗೆ ಎತ್ತಿ ಕೂರಿಸಿ.

ಎರೆಮಣ್ಣಿನ ಮೇಲೆ ಇಟ್ಟರೆ ಬೀದಿಯ ಲಾರಿಯೆಲ್ಲ ಭೂಕಂಪವೇ. ನೆಲಮಾಳಿಗೆಯ ಕಲ್ಲಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ, ಗಾಳಿಗೆ ಬಕೆಟ್ ಕವುಚಿದ್ದೇನೆ. ಬೋರ್‌ವೆಲ್ ಮೋಟಾರ್ ಮಾತ್ರ ಇನ್ನೂ ಕಾಡುತ್ತದೆ.

ಹಳೆಯ 10 ಹರ್ಟ್ಸ್‌ನವು ನಾಲ್ಕನ್ನು ಸರಣಿಯಲ್ಲಿ ಜೋಡಿಸಿಯೂ ನೋಡಿದೆ. ಸಿಗ್ನಲ್ ನಾಲ್ಕು ಪಟ್ಟಾದರೆ, ಕಾಯಿಲ್‌ಗಳ ಗದ್ದಲ ಎರಡೇ ಪಟ್ಟು. ಹತ್ತಿರದ ಸ್ಫೋಟಗಳಿಗೆ ಚೆನ್ನ, ಕೊಯ್ನಾಕ್ಕೆ ಆಗದು.

ಸಾಫ್ಟ್‌ವೇರಿನಲ್ಲಿ ವಿಲೋಮ ಫಿಲ್ಟರ್ (ಕುಸಿದ ಸಂವೇದನೆಯನ್ನು ಲೆಕ್ಕದಲ್ಲೇ ಮೇಲೆತ್ತುವಂಥದ್ದು) ಹಾಕಿ 4.5ರದ್ದನ್ನು 0.7 ಹರ್ಟ್ಸ್‌ವರೆಗೆ ಇಳಿಸಿದ್ದೇನೆ, ಅದರ ಗುಣಾಂಕಗಳು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. 0.5 ಹರ್ಟ್ಸ್‌ಗಿಂತ ಕೆಳಗೆ ಎಳೆದರೆ ಮೇಲೇಳುವುದು ಬರೀ ಗದ್ದಲ.