ಕಾರು ಕಾಣೆಯಾದರೆ ಮೊದಲ ಪ್ರಶ್ನೆ: ತೆಗೆದುಕೊಂಡು ಹೋದವರು ಯಾರು?

ಹನ್ನೆರಡು ದಿನ ಊರಲ್ಲಿ ಇರಲಿಲ್ಲ. ಕಾರು ಮನೆ ಮುಂದಿನ ಬೀದಿಯಲ್ಲೇ ನಿಂತಿತ್ತು. ಬೀದಿ ಗುಡಿಸುವ ದಿನ ಇದೆ ಅಂತ ಪಕ್ಕದ ಮನೆಯವರ ಕೈಯಲ್ಲಿ ಕೀಲಿ ಕೊಟ್ಟು ಹೋಗಿದ್ದೆ. ಅವರು ಮಂಗಳವಾರ ಸಂಜೆ ಕಾರನ್ನು ಮುಂದಿನ ಬೀದಿಗೆ ಸರಿಸಿ, ಎಲ್ಲಿದೆ ಅಂತ ತಿಳಿಯಲಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿದ್ದರು. ನಾನು ವಾಪಸ್ ಬಂದಾಗ ಕಾರು ಅಲ್ಲೂ ಇರಲಿಲ್ಲ. ಅಂಚೆ ಡಬ್ಬಿಯಲ್ಲಿ ಪೊಲೀಸರ ನೋಟಿಸು ಬಿದ್ದಿತ್ತು. 72 ಗಂಟೆಗಿಂತ ಜಾಸ್ತಿ ಒಂದೇ ಕಡೆ ನಿಂತಿದ್ದಕ್ಕೆ ಗುರುವಾರ ಟೋ ಮಾಡಿಸಿದ್ದೇವೆ ಅಂತ ಬರೆದಿತ್ತು. ಡಿಕ್ಕಿಯಲ್ಲಿ ಮಗಳ ವಯಲಿನ್ ಇತ್ತು. ಅದು ನಮ್ಮದೂ ಅಲ್ಲ, ಬಾಡಿಗೆಗೆ ತಂದದ್ದು.

ನಾನು ವಕೀಲೆಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಅಷ್ಟೆ. ಆದರೆ ಆ ವಾರ ಓದಿ, ಕೇಳಿ, ಅಲೆದು ತಿಳಿದುಕೊಂಡದ್ದು ಇಲ್ಲಿಗೆ ಹೊಸದಾಗಿ ಬಂದವರಿಗೆ ನಿಜವಾಗಿ ಬೇಕಾಗುತ್ತದೆ.

ನಿಮ್ಮ ವಸ್ತು ಯಾರ ಕೈಗಾದರೂ ಹೋದರೆ ಮೊದಲು ಕೇಳಿಕೊಳ್ಳಿ: ತೆಗೆದುಕೊಂಡದ್ದು ಸರ್ಕಾರವೋ, ಖಾಸಗಿಯವರೋ? ಅಮೆರಿಕದ ಸಂವಿಧಾನ ಕಟ್ಟಿಹಾಕುವುದು ಸರ್ಕಾರದ ಕೈಯನ್ನು. ನೆರೆಯವನು ನಿಮ್ಮ ಸೈಕಲ್ ಇಟ್ಟುಕೊಂಡರೆ ಅದಕ್ಕೆ ಸಂವಿಧಾನ ಬರುವುದಿಲ್ಲ, ಆಯಾ ರಾಜ್ಯದ ಕಾನೂನು ಬರುತ್ತದೆ. ಈ ಒಂದು ವಿಷಯ ತಿಳಿಯದೆ ಎಷ್ಟೋ ಜನ ತಪ್ಪು ಬಾಗಿಲು ತಟ್ಟುತ್ತಾರೆ.

ಸರ್ಕಾರ ಅಂದರೆ ಪೊಲೀಸರು, ನಗರಸಭೆ, ಶೆರಿಫ್ (ಕೋರ್ಟಿನ ಆದೇಶ ಜಾರಿ ಮಾಡುವ ಜಿಲ್ಲಾ ಮಟ್ಟದ ಅಧಿಕಾರಿ) ಎಲ್ಲರೂ ಸೇರಿದರು. ಕಾರಣವಿಲ್ಲದೆ ಜಪ್ತಿ ಮಾಡಬಾರದು ಎನ್ನುತ್ತದೆ ನಾಲ್ಕನೇ ತಿದ್ದುಪಡಿ. ಸರಿಯಾದ ಕ್ರಮವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದು, ಸಾರ್ವಜನಿಕ ಕೆಲಸಕ್ಕೆ ತೆಗೆದುಕೊಂಡರೆ ನ್ಯಾಯವಾದ ಪರಿಹಾರ ಕೊಡಬೇಕು ಎನ್ನುತ್ತದೆ ಐದನೆಯದು. ಇವೆರಡೂ ಬಂದದ್ದು 1791ರಲ್ಲಿ. ರಾಜ್ಯಗಳೂ ಸರಿಯಾದ ಕ್ರಮ ಪಾಲಿಸಲೇಬೇಕು ಅಂತ ಹೇಳಿದ್ದು 1868ರ ಹದಿನಾಲ್ಕನೇ ತಿದ್ದುಪಡಿ. ಆಸ್ತಿ ಅಂದ ಕೂಡಲೇ ನಮಗೆ ಮನೆ, ಜಮೀನು ನೆನಪಾಗುತ್ತದೆ, ಅಲ್ವಾ? ಚರ ಆಸ್ತಿಗೂ ಅದೇ ರಕ್ಷಣೆ ಇದೆ. ಕ್ಯಾಲಿಫೋರ್ನಿಯಾದ ಹಾರ್ನ್ ಎಂಬ ರೈತ ಕುಟುಂಬದ ಒಣದ್ರಾಕ್ಷಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದ್ದು ಅದನ್ನೇ: ಸರ್ಕಾರ ನಿಮ್ಮ ಮನೆ ತೆಗೆದುಕೊಂಡರೂ ಕಾರು ತೆಗೆದುಕೊಂಡರೂ ಪರಿಹಾರದ ಹೊಣೆ ಒಂದೇ.

ನನಗೆ ಇದೆಲ್ಲ ಸರಿಯಾಗಿ ಅರ್ಥವಾದದ್ದು ಮಾರ್ಗರಿಟಾ ಫ್ಯುಯೆಂಟೆಸ್ ಅವರ ಮೊಕದ್ದಮೆಯಿಂದ. ಫ್ಲಾರಿಡಾದಲ್ಲಿ ಆಕೆ ಒಂದು ಗ್ಯಾಸ್ ಒಲೆ, ಒಂದು ಸ್ಟೀರಿಯೋ ಕಂತಿನ ಮೇಲೆ ಕೊಂಡಿದ್ದರು. ಸುಮಾರು 200 ಡಾಲರ್ ಬಾಕಿ ಇತ್ತು. ಒಲೆ ರಿಪೇರಿ ವಿಷಯಕ್ಕೆ ಜಗಳವಾಯಿತು. ಅಂಗಡಿಯವರು ಕೋರ್ಟಿನಲ್ಲಿ ಫಾರಂ ತುಂಬಿ ಆದೇಶ ಪಡೆದರು. ಅದೇ ದಿನ ಶೆರಿಫ್ ಕಡೆಯವರು ಬಂದು ಎರಡನ್ನೂ ಹೊತ್ತುಕೊಂಡು ಹೋದರು. ಆಕೆಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಇದು ತಪ್ಪು, ಕಸಿಯುವ ಮೊದಲೇ ನೋಟಿಸು ಕೊಟ್ಟು ಆಕೆಯ ಮಾತು ಕೇಳಬೇಕಿತ್ತು ಅಂತ ಸುಪ್ರೀಂ ಕೋರ್ಟು 1972ರಲ್ಲಿ ತೀರ್ಪು ಕೊಟ್ಟಿತು. ಗಮನಿಸಿ, ಜಗಳ ಅಂಗಡಿಯ ಜೊತೆ. ಆದರೆ ಬಾಗಿಲಿಗೆ ಬಂದದ್ದು ಶೆರಿಫ್. ಅದಕ್ಕೇ ಸಂವಿಧಾನ ಬಂತು. ಪೂರ್ತಿ ದುಡ್ಡು ಕಟ್ಟಿರದ ಒಂದು ಒಲೆಗೂ ಆ ಗೌರವ ಸಿಕ್ಕಿತು ಅನ್ನುವುದು ಇವತ್ತಿಗೂ ನನ್ನ ಮನಸ್ಸು ತಟ್ಟುತ್ತದೆ.

ಆದರೆ ಬೀದಿಯಿಂದ ಟೋ ಮಾಡಿಸಿದ ಕಾರಿಗೆ ವಿಚಾರಣೆ ನಡೆಯುವುದು ಟೋ ಆದಮೇಲೆ. ಕ್ಯಾಲಿಫೋರ್ನಿಯಾದಲ್ಲಿ 48 ಗಂಟೆಯೊಳಗೆ ನೋಟಿಸು ಕಳಿಸಬೇಕು. ಅದರ ಮೇಲಿನ ತಾರೀಖಿನಿಂದ 10 ದಿನದೊಳಗೆ ನೀವು ವಿಚಾರಣೆ ಕೇಳಬೇಕು. ನೋಟಿಸು ನಿಮ್ಮ ಕೈಗೆ ಬಂದ ದಿನವಲ್ಲ, ಅದರ ಮೇಲೆ ಬರೆದ ದಿನ! ನಾನು ನೋಡುವಾಗ ಏಳು ದಿನ ಕಳೆದಿತ್ತು. ಫೋನಿನಲ್ಲಿ ಕೇಳಿದರೂ ನಡೆಯುತ್ತದೆ. ನಾನು ಫೋನೂ ಮಾಡಿ, ಪತ್ರವನ್ನೂ ಕೈಯಾರೆ ಕೊಟ್ಟು, ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಂಡೆ. ನೀವೂ ಹಾಗೇ ಮಾಡಿ.

ವಿಚಾರಣೆಗೆ ಕಾಯುತ್ತಾ ಕಾರನ್ನು ಯಾರ್ಡಿನಲ್ಲೇ (ಟೋ ಮಾಡಿದ ಕಾರುಗಳನ್ನು ಇಡುವ ಜಾಗ) ಬಿಡಬೇಡಿ. ದಿನದ ಬಾಡಿಗೆ ಏರುತ್ತಲೇ ಇರುತ್ತದೆ. ಕಷ್ಟವಾದರೂ ದುಡ್ಡು ಕಟ್ಟಿ ಬಿಡಿಸಿಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ವಿಚಾರಣೆ ನಡೆಸುವವರು ಇಲಾಖೆಯವರೇ ಆಗಿರಬಹುದು, ಆದರೆ ಟೋ ಮಾಡಿಸಿದ ವ್ಯಕ್ತಿ ಆಗಿರಬಾರದು. ನಾನು ತೋರಿಸಿದ್ದು ಎರಡೇ: ಮಂಗಳವಾರದ ಫೋಟೋ, ಮತ್ತು ಅವರದೇ ನೋಟಿಸು. ನೋಟಿಸಿನಲ್ಲಿ ಬರೆದದ್ದು ಮುಂದಿನ ಬೀದಿಯ ಹೆಸರು. ಕಾರು ಅಲ್ಲಿಗೆ ಬಂದು ಎರಡು ದಿನವೂ ಆಗಿರಲಿಲ್ಲ. ಟೋ ಮಾಡಿಸಲು ಸರಿಯಾದ ಕಾರಣ ಇರಲಿಲ್ಲ ಅಂತ ತೀರ್ಮಾನವಾಯಿತು. ಹಾಗಾದಾಗ ಟೋ ಖರ್ಚು, ಯಾರ್ಡಿನ ಬಾಡಿಗೆ ಎರಡೂ ಇಲಾಖೆಯ ಮೇಲೆ ಬೀಳುತ್ತವೆ.

ಇನ್ನು ವಯಲಿನ್. ಒಡೆತನ ಅಂಗಡಿಯದು, ಸ್ವಾಧೀನ ನಮ್ಮದು. ಇದಕ್ಕೆ ಇಲ್ಲಿ ಬೈಲ್‌ಮೆಂಟ್ ಅನ್ನುತ್ತಾರೆ. ಒಡೆಯರಲ್ಲದಿದ್ದರೂ ಮೂರನೆಯವರಿಂದ ಅದನ್ನು ವಾಪಸ್ ಕೇಳುವ ಹಕ್ಕು ನಮಗಿದೆ, ಜೋಪಾನ ಮಾಡುವ ಹೊಣೆಯೂ ಇದೆ. ಹಾಗಾಗಿ ಅಂಗಡಿಗೆ ಅವತ್ತೇ ಫೋನ್ ಮಾಡಿದೆ. ಬಾಡಿಗೆ ಕರಾರನ್ನು ಯಾರ್ಡಿನಲ್ಲಿ ತೋರಿಸಿದೆ. ಕಾರು ಬಿಡಿಸುವ ಮೊದಲೇ ಅದರೊಳಗಿನ ನಿಮ್ಮ ಸಾಮಾನನ್ನು ದುಡ್ಡಿಲ್ಲದೆ ತೆಗೆದುಕೊಳ್ಳಬಹುದು. ಸುಮ್ನೆ ಹೆದರಿ ವಾಪಸ್ ಬರಬೇಡಿ, ಕೇಳಿ.

ತೆಗೆದುಕೊಂಡವರು ಖಾಸಗಿಯಾದರೆ ದಾರಿ ಬೇರೆ. ಮೊದಲು ತಾರೀಖು ಹಾಕಿ ಪತ್ರ ಬರೆಯಿರಿ: ಇಂಥ ವಸ್ತು, ಇಷ್ಟು ಬೆಲೆ, ಇಂಥ ದಿನದೊಳಗೆ ಕೊಡಿ ಅಂತ. ಕೊಡದಿದ್ದರೆ ಸ್ಮಾಲ್ ಕ್ಲೇಮ್ಸ್ ಕೋರ್ಟು, ಅಂದರೆ ಸಣ್ಣ ಮೊತ್ತದ ವ್ಯಾಜ್ಯಗಳ ಕೋರ್ಟು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು, ವಕೀಲರು ಬೇಕಿಲ್ಲ. ಕಾರಿನ ಸಾಲದ ಕಂತು ತಪ್ಪಿದರೆ ಮಾತ್ರ ಹುಷಾರು. ಗಲಾಟೆ ಮಾಡದೆ ಎತ್ತಿಕೊಂಡು ಹೋಗಲು ಸಾಲ ಕೊಟ್ಟವರಿಗೆ ಕೋರ್ಟಿನ ಆದೇಶವೇ ಬೇಕಿಲ್ಲ. ಶೆರಿಫ್ ಬರುವುದಿಲ್ಲವಾದ್ದರಿಂದ ಫ್ಯುಯೆಂಟೆಸ್ ತೀರ್ಪು ಅಲ್ಲಿ ನೆರವಿಗೆ ಬಾರದು.

ಕಾರು ಮಾರಿದಾಗ ಮಾಡಬೇಕಾದ ಕೆಲಸವೂ ಒಂದಿದೆ. ಟೈಟಲ್‌ಗೆ, ಅಂದರೆ ಕಾರಿನ ಒಡೆತನದ ಪತ್ರಕ್ಕೆ, ಸಹಿ ಹಾಕಿ ಕೊಟ್ಟರೆ ಮುಗಿಯಲಿಲ್ಲ. ಇಲ್ಲಿ 5 ದಿನದೊಳಗೆ ಡಿಎಂವಿಗೆ (ರಾಜ್ಯದ ವಾಹನ ನೋಂದಣಿ ಇಲಾಖೆ) ಮಾರಾಟದ ವಿಷಯ ತಿಳಿಸಬೇಕು. ಆನ್‌ಲೈನಿನಲ್ಲೇ ಆಗುತ್ತದೆ. ತಿಳಿಸದಿದ್ದರೆ, ಕೊಂಡವರು ಎಲ್ಲೋ ಬಿಟ್ಟು ಹೋದ ಕಾರಿನ ಟೋ ನೋಟಿಸು ನಿಮ್ಮ ಅಂಚೆ ಡಬ್ಬಿಗೆ ಬರುತ್ತದೆ.