ಮಳೆ ರಜೆಗೊಂದು ಉಂಡೆ ಹಿಟ್ಟು

ಜುಲೈನಲ್ಲಿ ಶಾಲೆ, ಅಂಗನವಾಡಿಗಳಿಗೆ ಮಳೆ ರಜೆ ಸಾರಿದ ಎರಡನೇ ದಿನಕ್ಕೆ ಕೊಡಗಿನ ಮನೆಗಳೆಲ್ಲ ಒಂದೇ ಸ್ಥಿತಿಗೆ ಬಂದಿರುತ್ತವೆ. ಕರೆಂಟ್ ಇಲ್ಲ, ಮೊಬೈಲಿನಲ್ಲಿ ಚಾರ್ಜ್ ಇಲ್ಲ, ಅಂಗಳಕ್ಕಿಳಿದರೆ ಜಿಗಣೆ. ಒಳಗೆ ಮೂರು ವರ್ಷದ ಮಗು ಸೋಫಾದ ಸ್ಪಂಜನ್ನು ಚಿವುಟಿ ಚಿವುಟಿ ತೆಗೆಯುತ್ತಿದೆ. ಅದು ತುಂಟತನವಲ್ಲ, ಕೈಗೆ ಕೆಲಸವಿಲ್ಲದ್ದರ ಫಲ. ಹಿಸುಕಲು, ಕಲಸಲು, ಸುರಿಯಲು ಏನಾದರೂ ಕೊಟ್ಟರೆ ಸೋಫಾ ಉಳಿಯುತ್ತದೆ. ಅದಕ್ಕೆ ಬೇಕಾದ್ದೆಲ್ಲ ಅಡುಗೆ ಮನೆಯಲ್ಲೇ ಇದೆ.

ಮೊದಲು ನೆಲ. ಕಾಫಿ ಒಣಗಿಸುವ ಟಾರ್ಪಾಲು ಡಿಸೆಂಬರ್‌ವರೆಗೆ ಅಟ್ಟದಲ್ಲಿ ಸುಮ್ಮನೆ ಬಿದ್ದಿರುತ್ತದೆ, ತೊಳೆದು ಹಾಸಿ. ಮಗುವಿಗೆ ಹಳೆಯ ಅಂಗಿ ಹಾಕಿ. ಬಕೆಟ್ ಮಾತ್ರ ನೋಡಿಕೊಂಡು ಆರಿಸಿ. ತೋಟಕ್ಕೆ ಸಿಂಪಡಿಸುವ ಮೈಲುತುತ್ತದ ಬೋರ್ಡೋ ದ್ರಾವಣ ಕಲಸಿದ ನೀಲಿ ಕಲೆಯ ಬಕೆಟ್ ಎಷ್ಟು ತೊಳೆದರೂ ಮಕ್ಕಳ ಆಟಕ್ಕೆ ಬೇಡ.

ಈಗ ಹಿಟ್ಟು. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಎಣ್ಣೆ, ಅಷ್ಟೇ ನಿಂಬೆ ರಸ. ಕಲ್ಲುಪ್ಪು ಹಾಕಬೇಡಿ, ಹರಳು ಕರಗದೆ ಕೈಗೆ ಚುಚ್ಚುತ್ತದೆ. ಬಣ್ಣ ಬೇಕಿದ್ದರೆ ಒಂದು ಚಿಟಿಕೆ ಅರಿಶಿನ. ಬೀಟ್‌ರೂಟ್ ರಸ ಲೋಟದಲ್ಲಿ ಚೆಂದ, ಬೆಂದ ಮೇಲೆ ಮಂಕು. ರಂಗೋಲಿ ಪುಡಿ, ಕುಂಕುಮ, ಹೋಳಿ ಬಣ್ಣ ಯಾವುದೂ ಬೇಡ. ಈ ವಯಸ್ಸಿನ ಮಕ್ಕಳ ಕೈಯಲ್ಲಿರುವುದು ಬಾಯಿಗೆ ಹೋಗದೆ ಇರುವುದಿಲ್ಲ.

ಎಲ್ಲವನ್ನೂ ಒಲೆ ಹಚ್ಚುವ ಮೊದಲೇ, ತಣ್ಣಗಿರುವಾಗಲೇ ಗಂಟಿಲ್ಲದಂತೆ ಕದಡಿ. ದೋಸೆ ಹಿಟ್ಟಿನಂತೆ ಕಾಣುತ್ತದೆ, ಗಾಬರಿಯಾಗಿ ಮೈದಾ ಸುರಿಯಬೇಡಿ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಮರದ ಸೌಟು. ಎರಡು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ತಳ ಗಟ್ಟಿಯಾಗತೊಡಗುತ್ತದೆ. ತಳ ಕೆರೆದು ಮೇಲೆ ತರುತ್ತಾ ಕೈ ಬಿಡದೆ ತಿರುವಿ. ಗಂಜಿಯಾಗಿದ್ದದ್ದು ಮುದ್ದೆಯಾಗುತ್ತದೆ. ಎಲ್ಲರೂ ಸೋಲುವುದು ಇಲ್ಲೇ. ಮುದ್ದೆ ಕಂಡ ಕೂಡಲೇ, ಎಲ್ಲಿ ಸೀದುಹೋಗುತ್ತದೋ ಎಂದು ಒಲೆ ಆರಿಸಿಬಿಡುತ್ತಾರೆ. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಸೊಸೆ ಹತ್ತೂ ಬೆರಳಿಗೆ ಹಿಟ್ಟು ಮೆತ್ತಿಕೊಂಡು ಬಂದು, "ಅಕ್ಕಾ, ಇದು ಗೋಡೆಗೆ ಪೋಸ್ಟರ್ ಅಂಟಿಸಲಿಕ್ಕಾದರೂ ಆಗುತ್ತದಾ?" ಎಂದು ಕೇಳಿದಳು. ಒಲೆಯ ಮೇಲೆ ಇನ್ನೊಂದೂವರೆ ನಿಮಿಷ ಇಟ್ಟಿದ್ದರೆ ಸಾಕಿತ್ತು.

ಮುದ್ದೆಯ ಮೇಲಿನ ಹಸಿ ಹೊಳಪು ಹೋಗಬೇಕು. ಬಾಣಲೆಯ ಗೋಡೆ ಬಿಟ್ಟು ಇಡೀ ಹಿಟ್ಟು ಸೌಟಿನ ಜೊತೆ ಒಂದೇ ಉಂಡೆಯಾಗಿ ಸುತ್ತಬೇಕು. ಚಿಟಿಕೆಯಷ್ಟು ತೆಗೆದು ಆರಿಸಿ ಬೆರಳ ನಡುವೆ ಒತ್ತಿ ನೋಡಿ. ಅಂಟಿದರೆ ಇನ್ನೂ ತಿರುವಿ, ಅಂಟದಿದ್ದರೆ ಇಳಿಸಿ. ಅಕ್ಕಿ ರೊಟ್ಟಿಗೆ ಹಿಟ್ಟು ಬೇಯಿಸಿ ಗೊತ್ತಿರುವ ಕೈಗೆ ಈ ಹದ ಹೇಳಿಕೊಡಬೇಕಾಗಿಲ್ಲ. ಕೈಗೆ ತಾಳುವಷ್ಟು ಬಿಸಿ ಇರುವಾಗಲೇ, ಅಂಗೈಗೆ ಎಣ್ಣೆ ಸವರಿಕೊಂಡು ಮೂರು ನಿಮಿಷ ನಾದಿ. ಇದು ದೊಡ್ಡವರ ಕೆಲಸ. ಪೂರ್ತಿ ಆರಿದ ಮೇಲಷ್ಟೇ ಮಗುವಿಗೆ ಕೊಡಿ.

ಒಲೆಯೇ ಬೇಡದ ವಿಧಾನವೂ ಉಂಟು, ಬಿಸಿನೀರು ಹಾಕಿ ಕಲಸುವುದು. ಬಯಲುಸೀಮೆಯಲ್ಲಿ ನಡೆಯಬಹುದು. ನಮ್ಮ ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವವನ್ನೆಲ್ಲ ಹೀರಿ ಸಂಜೆಯೊಳಗೆ ಹಿಟ್ಟು ಬೆವರುತ್ತದೆ. ಬೇಯಿಸಿದ್ದೂ ಸ್ವಲ್ಪ ಬೆವರುತ್ತದೆ. ಆಗ ಒಣ ಮೈದಾ ಉದುರಿಸಿ ನಾದಿ, ಇಲ್ಲವೇ ಒಂದು ನಿಮಿಷ ಮತ್ತೆ ಬಾಣಲೆಗೆ ಹಾಕಿ. ಬಿಗಿ ಡಬ್ಬದಲ್ಲಿಟ್ಟರೆ ವಾರ ಬರುತ್ತದೆ. ಬೂಷ್ಟು ಕಂಡರೆ ಕೆರೆದು ಉಳಿಸಿಕೊಳ್ಳಬೇಡಿ, ಎಸೆಯಿರಿ. ಎಸೆಯುವುದೂ ನಾಯಿಗೆ ಸಿಗದಂತೆ, ಅಷ್ಟು ಉಪ್ಪು ಅದರ ಜೀವಕ್ಕೆ ಅಪಾಯ. ಗಿಡದ ಬುಡಕ್ಕೂ ಬೇಡ. ಮಗುವಿನ ಕೈಯಲ್ಲಿ ಜಿಗಣೆ ಕಚ್ಚಿದ ಗಾಯವಿದ್ದರೆ ಅಂದು ಹಿಟ್ಟು ಮುಟ್ಟಿಸಬೇಡಿ, ಉರಿಯುತ್ತದೆ. ಗೊಂಬೆ ಮಾಡಿ ಒಣಗಿಸುವ ಆಸೆಯನ್ನು ಜನವರಿಗೆ ಇಟ್ಟುಕೊಳ್ಳಿ.

ಎರಡನೆಯದು ಕಾರ್ನ್‌ಫ್ಲೋರ್. ಎರಡು ಲೋಟ ಪುಡಿಗೆ ಒಂದು ಲೋಟ ನೀರು, ಬೇಯಿಸುವುದಿಲ್ಲ. ಗುದ್ದಿದರೆ ಕಲ್ಲು, ಬಿಟ್ಟರೆ ಬೆರಳ ಸಂದಿಯಿಂದ ಹರಿಯುತ್ತದೆ. ಅಂಗಡಿಯಲ್ಲಿ ಕೇಳಬೇಕಾದ್ದು ಬಿಳಿಯ ನಯವಾದ ಪುಡಿ. ಹಳದಿ ಮೆಕ್ಕೆಜೋಳದ ಹಿಟ್ಟು ತಂದು ಬೈದುಕೊಂಡವರನ್ನು ನಾನು ಬಲ್ಲೆ. ನೀರನ್ನು ಚಮಚ ಚಮಚವಾಗಿ ಸೇರಿಸಿ. ಮುಗಿದ ಮೇಲೆ ಸಿಂಕಿಗೆ ಸುರಿದರೆ ಪೈಪು ಕಟ್ಟುತ್ತದೆ; ಗೊಬ್ಬರದ ಗುಂಡಿಗೆ ಹಾಕಿ.

ಪೇಟೆಯಲ್ಲಿ ಸಿಗುವ, ನೀರಿನಲ್ಲಿ ಊದಿಕೊಳ್ಳುವ ಬಣ್ಣದ ಮಣಿಗಳನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ನುಂಗಿದರೆ ಹೊಟ್ಟೆಯೊಳಗೂ ಊದಿ ಕರುಳನ್ನು ಕಟ್ಟುತ್ತವೆ. ಕಾಫಿ ಬೀಜ, ಹುಣಸೆ ಬೀಜ, ಕಡಲೆಗಳೂ ಮೂರು ವರ್ಷದೊಳಗಿನವರಿಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಅವರಿಗೆ ಬೇಯಿಸಿ ಆರಿಸಿದ ಸಬ್ಬಕ್ಕಿ ಕೊಡಿ. ಕೈಗೆ ಜಾರುತ್ತದೆ, ತಿಂದರೂ ಸರಿ.

ಬಣ್ಣಕ್ಕೆ ನಮ್ಮಲ್ಲಿರುವ ಭಾಗ್ಯವೆಂದರೆ ಮದ್ದು ಸೊಪ್ಪು, ಕೊಡಗಿನವರು ಔಷಧಿಯೆಂದು ತಿನ್ನುವ ಕಾಡು ಸೊಪ್ಪು. ಆಗಸ್ಟ್ 3ರ ಸುಮಾರಿಗೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಬರುತ್ತದೆ. ಅಂದು ಪಾಯಸಕ್ಕೆಂದು ಸೊಪ್ಪು ಬೇಯಿಸಿದ ಕಡು ನೇರಳೆ ನೀರಿನಲ್ಲಿ ಒಂದು ಲೋಟ ಎತ್ತಿಡಿ, ಹತ್ತಿಯ ಉಂಡೆ ಅದ್ದಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಒತ್ತಲಿ. ಉಳಿದ ದಿನಗಳಿಗೆ ಅರಿಶಿನ ನೀರು. ಅದಕ್ಕೆ ಚಿಟಿಕೆ ಅಡುಗೆ ಸೋಡಾ ಬಿದ್ದರೆ ಕೆಂಪಾಗುತ್ತದೆ, ನಿಂಬೆ ಹಿಂಡಿದರೆ ಮತ್ತೆ ಹಳದಿ. ಓಕುಳಿಯಂತೆ ಸುಣ್ಣ ಹಾಕುವುದು ಬೇಡ, ಕಣ್ಣಿಗೆ ಹಾರಿದರೆ ಕಷ್ಟ.

ಇನ್ನು ಮಳೆ. ನೇರ ಗೋಡೆಯ ಅಗಲ ಬಾಯಿಯ ಡಬ್ಬವೊಂದನ್ನು, ಸೂರಿನ ನೀರು ಬೀಳದಷ್ಟು ದೂರದಲ್ಲಿ ಅಂಗಳದಲ್ಲಿಡಿ. ಬೆಳಿಗ್ಗೆ ಸ್ಕೇಲು ಇಳಿಸಿ ಅಳೆದು, ಉಳಿದ ನೀರನ್ನು ಮಗು ಸೌಟಿನಿಂದ ತೋಡಿ ತೋಡಿ ಚೆಲ್ಲಲಿ. ಪಕ್ಕದ ತೋಟದವರು ಫೋನ್ ಮಾಡಿ "ನಿಮ್ಮಲ್ಲಿ ಎಷ್ಟು ಇಂಚು?" ಎಂದು ಕೇಳಿದರೆ ಫೋನನ್ನು ಮಗುವಿನ ಕಿವಿಗೆ ಹಿಡಿಯಿರಿ.