ಇಪ್ಪತ್ತು ನಿಮಿಷ ಕಾಯುವವರ ಸಂಬಳ

ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ನಡುವಿರುವ ನಮ್ಮ ಚಿಕ್ಕ ಟ್ರಸ್ಟ್ ಆಸ್ಪತ್ರೆಗೆ, ಮಳೆ ಹಿಡಿದೊಡನೆ ಹಾವು ಕಚ್ಚಿದವರು ಬರತೊಡಗುತ್ತಾರೆ. ದೇಶದಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕಾಗಿ ತಯಾರಾದದ್ದು; ತೋಟದ ತರಗೆಲೆಯಡಿ ಮಲಗಿರುವ ಗೂನುಮೂಗಿನ ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ವಿಷದಿಂದ ಯಾರ ರಕ್ತ ಯಾವಾಗ ಹೆಪ್ಪುಗಟ್ಟದೆ ಹೋಯಿತು, ಯಾರಿಗೆ ಪ್ರತಿವಿಷ ವ್ಯರ್ಥವಾಯಿತು ಎಂಬುದನ್ನು ಎರಡು ಮಳೆಗಾಲ ಕ್ರಮವಾಗಿ ದಾಖಲಿಸಬೇಕೆಂದು ಧನಸಹಾಯಕ್ಕೆ ಅರ್ಜಿ ಬರೆಯಲು ಕುಳಿತೆ.

ಬ್ರಿಟನ್ನಿನ ವೆಲ್‌ಕಮ್ ಸಂಸ್ಥೆ 2019ರಲ್ಲಿ ಹಾವು ಕಡಿತದ ಸಂಶೋಧನೆಗೆ 8 ಕೋಟಿ ಪೌಂಡ್ ಘೋಷಿಸಿದ್ದನ್ನು ಓದಿ ಮೊದಲು ವಿದೇಶಿ ದತ್ತಿಗಳ ಕಡೆಗೇ ನೋಡಿದ್ದೆ. ಆದರೆ ನಮಗೆ ವಿದೇಶಿ ದೇಣಿಗೆ ಪಡೆಯಲು ಕಾನೂನಿನಂತೆ ಬೇಕಾದ ಎಫ್‌ಸಿಆರ್‌ಎ ನೋಂದಣಿ ಇರಲಿಲ್ಲ. ನೋಂದಣಿಯಿರುವ ಸಂಸ್ಥೆಯೊಂದು ತಾನು ಪಡೆದ ವಿದೇಶಿ ಹಣವನ್ನು ನಮಗೆ ದಾಟಿಸುವ ದಾರಿಯನ್ನೂ ಆ ಕಾಯ್ದೆಯ 2020ರ ತಿದ್ದುಪಡಿ ಮುಚ್ಚಿತ್ತು. ಉಳಿದದ್ದು ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ. ಅದಕ್ಕೆ ಬೇಕಾದ ಆದಾಯ ತೆರಿಗೆಯ 12ಎ, 80ಜಿ ನೋಂದಣಿಗಳು ಮೊದಲೇ ಇದ್ದವು. ಇಂಥ ಹಣ ಪಡೆಯುವ ಸಂಸ್ಥೆಗಳು ನೋಂದಾಯಿಸಿಕೊಳ್ಳುವ ಸಿಎಸ್‌ಆರ್-1 ನಮೂನೆಯನ್ನು ಹೊಸದಾಗಿ ತುಂಬಿದೆವು.

ಮೊದಲ ಕಂಪನಿಯವರು ಆಂಬುಲೆನ್ಸ್ ಕೊಡುತ್ತೇವೆಂದರು. ಅದರ ಪಕ್ಕದಲ್ಲಿ ಹೆಸರು ಬರೆಸಬಹುದು, ನಾವು ಕೇಳಿದ್ದ ನರ್ಸಿನ ಸಂಬಳದ ಮೇಲೆ ಬರೆಸಲಾಗದು. ಎರಡನೆಯ ಕಡೆ ಅರ್ಜಿ ಬಿದ್ದುಹೋದದ್ದು ಮಾತ್ರ ನನ್ನದೇ ತಪ್ಪಿನಿಂದ: ರಾತ್ರಿ ಪಾಳಿಯ ಇಬ್ಬರು ನರ್ಸುಗಳ ಸಂಬಳವನ್ನು ನಾನು ‘ಆಡಳಿತ ವೆಚ್ಚ’ ಎಂದು ತೋರಿಸಿದ್ದೆ. ಆಡಳಿತ ವೆಚ್ಚಕ್ಕೆ ನಿಯಮದಲ್ಲಿರುವ ಶೇ. 5ರ ಮಿತಿ ಕಂಪನಿಯು ತನ್ನ ಸಿಎಸ್‌ಆರ್ ಕೆಲಸದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ ಸಂಬಂಧಿಸಿದ್ದು. ಯೋಜನೆಯನ್ನು ನಡೆಸುವವರ ಸಂಬಳ ಯೋಜನೆಯ ವೆಚ್ಚವೇ ಆಗುತ್ತದೆ. ಇದನ್ನು ನಮ್ಮ ಲೆಕ್ಕಪರಿಶೋಧಕರು ಒಂದೇ ವಾಕ್ಯದಲ್ಲಿ ಹೇಳಿದರು, ಅರ್ಜಿ ತಿರಸ್ಕೃತವಾದ ಮೇಲೆ.

ಮೂರನೆಯ ಅರ್ಜಿಯಲ್ಲಿ, ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ಆ ನರ್ಸುಗಳು ಮಾಡುವ ಪರೀಕ್ಷೆಯನ್ನೇ ವಿವರಿಸಿದೆ. ಹೊಸ, ಒಣಗಿದ ಗಾಜಿನ ನಳಿಕೆಗೆ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ಮಾತ್ರ ಓರೆ ಮಾಡಿ ನೋಡಬೇಕು. ರಕ್ತ ಇನ್ನೂ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ಒಮ್ಮೆ ನಮ್ಮಲ್ಲಿ ಸೋಪಿನ ಪುಡಿಯಲ್ಲಿ ತೊಳೆದ ನಳಿಕೆಯನ್ನು ಬಳಸಿ, ಹೆಪ್ಪುಗಟ್ಟಬೇಕಾದ ರಕ್ತವೂ ಗಟ್ಟದೆ, ಬೇಡದ ಪ್ರತಿವಿಷ ಕೊಟ್ಟಿದ್ದೆವು. ಅದನ್ನೂ ಮುಚ್ಚಿಡದೆ ಬರೆದು, ರಾತ್ರಿ ಎರಡು ಗಂಟೆಗೆ ಗಡಿಯಾರ ನೋಡುತ್ತ ನಿಲ್ಲುವವರಿಲ್ಲದೆ ಈ ಸಂಶೋಧನೆಯೇ ಇಲ್ಲವೆಂದು ಹೇಳಿದೆ. ಈ ಬಾರಿ ಹಣ ಮಂಜೂರಾಯಿತು.

ರೋಗಿಗಳನ್ನು ಒಳಗೊಂಡ ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿ ನಮ್ಮಲ್ಲಿ ಇರಲಿಲ್ಲವಾದ್ದರಿಂದ ವೈದ್ಯಕೀಯ ಕಾಲೇಜೊಂದರ ಸಮಿತಿಯ ಮೊರೆಹೋದೆವು. ರೋಗಿಗಳು ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಲ್ಲದೆ ಅಸ್ಸಾಮಿನಿಂದ ಬಂದ ಕೂಲಿಯವರಿಗಾಗಿ ಅವರ ಭಾಷೆಯಲ್ಲೂ ಮಾಡಿಸಬೇಕಾಯಿತು. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು, “ಡಾಕ್ಟ್ರೇ, ಸಹಿ ಹಾಕಿದ್ರೆ ಸಂಬಳದಲ್ಲಿ ಹಿಡೀತಾರೆ ಅಂದ್ಕೊಂಡಿದಾರೆ” ಎಂದು ಎಚ್ಚರಿಸಿದ ಮೇಲೆ, ‘ಚಿಕಿತ್ಸೆ ಇದರ ಮೇಲೆ ಅವಲಂಬಿಸಿಲ್ಲ, ಹಣ ಕಡಿತವಿಲ್ಲ’ ಎಂಬ ಸಾಲನ್ನು ಪತ್ರದ ತಲೆಯಲ್ಲೇ ಸೇರಿಸಿದೆವು.

ಹಣ ಕಂತುಗಳಲ್ಲಿ ಬರುತ್ತದೆ. ಎರಡನೆಯ ಕಂತು, ಮೊದಲಿನದು ಹೇಗೆ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರಕ್ಕಾಗಿ ತಡೆದು ನಿಂತಾಗ ಜೂನ್ ತಿಂಗಳು, ವಾರ್ಡಿನಲ್ಲಿ ಹಾಸಿಗೆ ಖಾಲಿಯಿಲ್ಲ. ಎರಡು ತಿಂಗಳ ಸಂಬಳವನ್ನು ಆಸ್ಪತ್ರೆಯ ಔಷಧ ಅಂಗಡಿಯ ಆದಾಯದಿಂದ ಹೊಂದಿಸಿದೆವು. ಮುಂದಿನ ಅರ್ಜಿಯಲ್ಲಿ ಕಂತಿನ ದಿನಾಂಕವನ್ನು ಮೇ ಮೊದಲ ವಾರಕ್ಕೇ ಕೇಳಿದ್ದೇನೆ.